ಚದರಕ್ಕೆ ಎಷ್ಟು ಅಂತ ಕೇಳುವ ಮೊದಲು

ಪ್ರಶ್ನೆ: ಸರ್, ದಾವಣಗೆರೆಯ ಹೊಸ ಬಡಾವಣೆಯೊಂದರಲ್ಲಿ ನಮ್ಮದು 30×40 ಸೈಟು. ಪೂರ್ವಕ್ಕೆ ರಸ್ತೆ. ನಾನು ಹೈಸ್ಕೂಲ್ ಟೀಚರ್, ನಮ್ಮ ಯಜಮಾನರು ಸಹಕಾರ ಬ್ಯಾಂಕಿನಲ್ಲಿದ್ದಾರೆ. ಕೆಳಗೆ 8, ಮೇಲೆ 8, ಒಟ್ಟು 16 ಚದರದ (1,600 ಚದರಡಿ) ಮನೆ ಕಟ್ಟಿಸಬೇಕು ಅಂತಿದ್ದೇವೆ. ಕೈಯಲ್ಲಿ 13 ಲಕ್ಷ ಇದೆ, ಬ್ಯಾಂಕ್ ಸಾಲ 25 ಲಕ್ಷ ಸಿಗುತ್ತದೆ. ಒಬ್ಬ ಕಾಂಟ್ರಾಕ್ಟರ್ ಮೆಟೀರಿಯಲ್ ಸಮೇತ ಚದರಕ್ಕೆ 1.75 ಲಕ್ಷ ಹೇಳಿದ್ದಾರೆ, ಇನ್ನೊಬ್ಬರು 2.10 ಲಕ್ಷ. ನಮ್ಮ ಭಾವನವರು, "ಲೇಬರ್ ಕಾಂಟ್ರಾಕ್ಟ್ ಕೊಟ್ಟು ಸಾಮಾನು ನೀವೇ ತನ್ನಿ, ಉಳಿತಾಯ ಆಗುತ್ತೆ" ಅಂತಾರೆ. ಶ್ರಾವಣದಲ್ಲಿ ಗುದ್ದಲಿ ಪೂಜೆ, ವೈಶಾಖದಲ್ಲಿ ಗೃಹಪ್ರವೇಶ ಅಂದುಕೊಂಡಿದ್ದೇವೆ. ಯಾರಿಗೆ ಕೊಡೋದು? ಪ್ಲಾನ್ ಮತ್ತು ಎರಡೂ ಕೊಟೇಶನ್ ಕಳಿಸಿದ್ದೇನೆ.

ಉತ್ತರ: ಮೇಡಂ, ಸದ್ಯಕ್ಕೆ ಯಾರಿಗೂ ಕೊಡಬೇಡಿ. ಇಬ್ಬರೂ ಕೆಟ್ಟವರು ಅಂತಲ್ಲ. ಅವರಿಬ್ಬರೂ ಒಂದೇ ಮನೆಗೆ ರೇಟ್ ಹೇಳಿಲ್ಲ, ಅಷ್ಟೇ.

ನೀವು ಕಳಿಸಿದ ಎರಡೂ ಕೊಟೇಶನ್ ಪಕ್ಕಪಕ್ಕ ಇಟ್ಟುಕೊಂಡು ಲೆಕ್ಕ ಹಾಕಿದೆ. 1.75 ಲಕ್ಷದವರದ್ದರಲ್ಲಿ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ, ನೋಡಿದಿರಾ? "ಅಳತೆ ಸ್ಲ್ಯಾಬ್ ಏರಿಯಾ ಪ್ರಕಾರ." ಅಂದರೆ ನೀವು 16 ಚದರ ಅಂದುಕೊಂಡಿದ್ದು ಅವರ ಟೇಪಿನಲ್ಲಿ 16 ಆಗುವುದಿಲ್ಲ. ಬಾಲ್ಕನಿ 60 ಚದರಡಿ, ಸಜ್ಜ ಮತ್ತು ಹೊರಚಾಚು ಸೇರಿ 70, ಮೆಟ್ಟಿಲಿನ ಮೇಲಿನ ಹೆಡ್‌ರೂಮ್ 90. ಇಷ್ಟನ್ನೂ ಪೂರಾ ಹಿಡಿದರೆ 18.2 ಚದರ. ಆಗಲೇ 28 ಲಕ್ಷ ಹೋಗಿ 31.85 ಲಕ್ಷ ಆಯಿತು. ಸಂಪು ಬೇರೆ, ಲೀಟರಿಗೆ 22 ರೂಪಾಯಿ ಅಂತ ಬರೆದಿದ್ದಾರೆ. 8,000 ಲೀಟರಿಗೆ 1.76 ಲಕ್ಷ. ಕಾಂಪೌಂಡ್ ಗೋಡೆ ಬೇರೆ, 70 ಅಡಿಗೆ 1,400ರಂತೆ 98 ಸಾವಿರ. ಒಟ್ಟು 34.59 ಲಕ್ಷ. ಅದರ ಮೇಲೆ "ಟ್ಯಾಕ್ಸ್ ಎಕ್ಸ್‌ಟ್ರಾ."

2.10 ಲಕ್ಷದವರು ಪ್ಲಾನಿನಲ್ಲಿರುವ 16 ಚದರಕ್ಕೇ ಲೆಕ್ಕ ಹಿಡಿದಿದ್ದಾರೆ. ಸಂಪು, ಕಾಂಪೌಂಡ್, ಜಿಎಸ್‌ಟಿ ಎಲ್ಲ ಸೇರಿ 33.6 ಲಕ್ಷ. ನಿಮ್ಮ ಕಣ್ಣಿಗೆ ಐದೂವರೆ ಲಕ್ಷ ಅಗ್ಗ ಅಂತ ಕಂಡಿದ್ದು ತೆರಿಗೆ ಬಿಟ್ಟರೂ ಒಂದು ಲಕ್ಷ ದುಬಾರಿ. 18% ತೆರಿಗೆ ಹಾಕಿದರೆ 40 ಲಕ್ಷ ದಾಟುತ್ತದೆ.

ಇಷ್ಟು ಹೇಳಿದ ಕೂಡಲೇ ಎರಡನೆಯವರಿಗೆ ಫೋನ್ ಮಾಡಬೇಡಿ. ಅವರದ್ದರಲ್ಲೂ ತೊಂದರೆ ಇದೆ, ಮುಂದೆ ಹೇಳುತ್ತೇನೆ.

ಚದರದ ರೇಟ್ ಅನ್ನೋದು ಮಾತುಕತೆ ಶುರು ಮಾಡೋಕೆ ಸರಿ. ಬೆಲೆ ಗೊತ್ತಾಗಬೇಕಾದರೆ ಯಾವ ಸಾಮಾನು, ಎಷ್ಟು, ಎಲ್ಲಿ ಅನ್ನೋದು ಮೊದಲು ಗೊತ್ತಾಗಬೇಕು. ಅದು ನಿಮ್ಮ ಪ್ಲಾನಿನಲ್ಲಿ ಇಲ್ಲ. ನೀವು ಕಳಿಸಿದ್ದು ಮಂಜೂರಾತಿಗೆ ಹಾಕುವ ಒಂದು ಹಾಳೆಯ ಪ್ಲಾನ್. ಸೆಟ್‌ಬ್ಯಾಕ್ (ಗೋಡೆಗೂ ಸೈಟಿನ ಗಡಿಗೂ ನಡುವೆ ಬಿಡುವ ಜಾಗ) ಸರಿ ಇದೆಯಾ, ಎತ್ತರ ಸರಿ ಇದೆಯಾ ಅಂತ ಕಚೇರಿಯವರು ನೋಡುವುದಕ್ಕೆ ಅದು ಸಾಕು. ಮನೆ ಕಟ್ಟುವುದಕ್ಕೆ ಸಾಲದು. ಅದರಲ್ಲಿ ಕಿಟಕಿಯ ಎತ್ತರ ಇಲ್ಲ, ಸ್ವಿಚ್ ಇಲ್ಲ, ಪೈಪ್ ಇಲ್ಲ, ಕಂಬಿ ಇಲ್ಲ. ಕಾಗದದ ಮೇಲೆ ಇಲ್ಲದ್ದೆಲ್ಲ ನಾಳೆ ಸೈಟಿನಲ್ಲಿ ನಿಂತು ತೀರ್ಮಾನ ಆಗುತ್ತದೆ. ಗಾರೆಯವರು ಕರಣೆ ಹಿಡಿದು ಕಾಯುತ್ತಿರುತ್ತಾರೆ, ಮೇಸ್ತ್ರಿ "ಹೇಳಿ ಮೇಡಂ, ಎಲ್ಲಿಡೋಣ" ಅನ್ನುತ್ತಾನೆ, ನಿಮಗೆ ಸ್ಕೂಲಿಗೆ ಹೊತ್ತಾಗಿರುತ್ತದೆ. ಹಾಗೆ ಅವಸರದಲ್ಲಿ ಆದ ತೀರ್ಮಾನಗಳೇ ಆಮೇಲೆ "ಎಕ್ಸ್‌ಟ್ರಾ" ಅಂತ ಬಿಲ್ಲಿನಲ್ಲಿ ಬರುತ್ತವೆ. ಕಾಂಟ್ರಾಕ್ಟರ್ ಲಾಭ ಮಾಡುವುದು ಸಿಮೆಂಟ್ ಕದ್ದು ಅಂತ ಜನ ತಿಳಿದಿದ್ದಾರೆ. ನಾನು ಕಂಡಂತೆ ಜಾಸ್ತಿ ಲಾಭ ಇರುವುದು ಈ ಎಕ್ಸ್‌ಟ್ರಾಗಳಲ್ಲಿ.

ಹಾಗಾಗಿ ಒಂದು ತಿಂಗಳು ಕಾಗದಕ್ಕೆ ಕೊಡಿ. ಶ್ರಾವಣ ಹೋಗಿ ಕಾರ್ತಿಕ ಆದರೂ ಚಿಂತೆಯಿಲ್ಲ.

ಮೊದಲು ಒಂದು ಸಣ್ಣ ಕೆಲಸ. ಭಾನುವಾರ ಇಬ್ಬರೂ ಸೈಟಿಗೆ ಹೋಗಿ. ಸುಣ್ಣದ ಪುಡಿ, ಹಗ್ಗ, ಟೇಪು ಒಯ್ಯಿರಿ. ಪ್ಲಾನಿನ ಅಳತೆಯಲ್ಲೇ ಕೋಣೆಗಳನ್ನು ನೆಲದ ಮೇಲೆ ಬರೆಯಿರಿ. ಆಮೇಲೆ ಮಂಚ ಇರುವ ಜಾಗಕ್ಕೆ 6×6½ ಅಡಿಯ ಹಳೇ ಸೀರೆ ಹಾಸಿ. ಬೀರು, ಡೈನಿಂಗ್ ಟೇಬಲ್, ಫ್ರಿಜ್ ಹೀಗೇ ಗುರುತು ಮಾಡಿ. ನಿಮ್ಮ ಪ್ಲಾನಿನಲ್ಲಿ ಮಕ್ಕಳ ಕೋಣೆ 9×10 ಇದೆ. ಮಂಚ ಹಾಕಿ ಬೀರುವಿನ ಬಾಗಿಲು ತೆಗೆದರೆ ನಿಲ್ಲಲು ಜಾಗ ಇದೆಯಾ, ಅಲ್ಲೇ ನಿಂತು ನೋಡಿ. ಒಂದು ಎಚ್ಚರಿಕೆ: ಖಾಲಿ ಸೈಟಿನಲ್ಲಿ ಬರೆದ ಕೋಣೆ ಯಾವಾಗಲೂ ಸಣ್ಣದಾಗಿ ಕಾಣುತ್ತದೆ. ಗೋಡೆ ಎದ್ದ ಮೇಲೆ ಸ್ವಲ್ಪ ದೊಡ್ಡದು ಅನ್ನಿಸುತ್ತದೆ. ಅದಕ್ಕೇ ಕಣ್ಣು ನಂಬಬೇಡಿ, ಸೀರೆ ನಂಬಿ.

ವಾಸ್ತು ಕೇಳುವುದಿದ್ದರೆ ಈಗಲೇ ಕೇಳಿ, ಒಬ್ಬರನ್ನೇ ಕೇಳಿ. ನನಗೆ ಅದರ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಬಾಗಿಲಿನ ತಲೆಯ ಲಿಂಟಲ್ ಮಟ್ಟಕ್ಕೆ ಗೋಡೆ ಬಂದ ಮೇಲೆ ಊರಿಂದ ಬಂದ ಚಿಕ್ಕಪ್ಪ "ಈ ಬಾಗಿಲು ಇಲ್ಲಿರಬಾರದಿತ್ತಲ್ಲ" ಅನ್ನುವುದಕ್ಕೆ. ಅಡುಗೆಮನೆ ಆಗ್ನೇಯಕ್ಕೆ, ಸಂಪು ಈಶಾನ್ಯಕ್ಕೆ ಅನ್ನುವುದು ಪೂರ್ವದ ರಸ್ತೆಯ ಸೈಟಿನಲ್ಲಿ ಸುಲಭವಾಗಿಯೇ ಕೂರುತ್ತದೆ. ಕಷ್ಟ ಇರುವುದು ನೈಋತ್ಯದ ಮಲಗುವ ಕೋಣೆ. ದಾವಣಗೆರೆ ಬಿಸಿಲು ನಿಮಗೆ ನಾನು ಹೇಳಬೇಕಾಗಿಲ್ಲ. ಪಶ್ಚಿಮದ ಗೋಡೆ ಮಧ್ಯಾಹ್ನವೆಲ್ಲ ಕಾದು, ರಾತ್ರಿ ಹತ್ತರವರೆಗೂ ಒಳಗೆ ಶಾಖ ಬಿಡುತ್ತಿರುತ್ತದೆ. ಆ ಒಂದು ಗೋಡೆಯನ್ನು 6 ಇಂಚಿನ ಬದಲು 8 ಇಂಚಿನ ಬ್ಲಾಕಿನಲ್ಲಿ ಕಟ್ಟಿಸಿ, ಆ ಕಡೆಯ ಕಿಟಕಿಗೆ 2 ಅಡಿಯ ಸಜ್ಜ ಇಡಿಸಿ, ಬೀರು ಆ ಗೋಡೆಗೇ ಬರುವ ಹಾಗೆ ಮಾಡಿ. ಎಸಿ ಖರ್ಚಿಗೆ ಹೋಲಿಸಿದರೆ ಇದು ಏನೂ ಅಲ್ಲ.

ಮೆಟ್ಟಿಲನ್ನೂ ನೋಡಿ. ನಿಮ್ಮ ಪ್ಲಾನಿನಲ್ಲಿ ಮೆಟ್ಟಿಲಿಗೆ ಬಿಟ್ಟ ಜಾಗದಲ್ಲಿ ಮೇಲೆ ಹತ್ತಬೇಕಾದರೆ ಒಂದೊಂದು ಮೆಟ್ಟಿಲು ಏಳೂವರೆ ಇಂಚು ಎತ್ತರ ಬರುತ್ತದೆ. ನಿಮ್ಮ ಅತ್ತೆಯವರು ಜೊತೆಗಿರುತ್ತಾರೆ ಅಂತ ಬರೆದಿದ್ದೀರಿ. ಆರೂವರೆ ಇಂಚಿಗೆ ಇಳಿಸಿ, ಕಾಲಿಡುವ ಜಾಗ 10 ಇಂಚು ಇರಲಿ. ಅದಕ್ಕೆ ಹಾಲ್ ಒಂದು ಅಡಿ ಸಣ್ಣದಾದರೂ ಪರವಾಗಿಲ್ಲ.

ವಿದ್ಯುತ್ ಪಾಯಿಂಟುಗಳ ಪಟ್ಟಿಯನ್ನು ಎಲೆಕ್ಟ್ರಿಷಿಯನ್‌ಗೆ ಬಿಡಬೇಡಿ. ಈಗಿರುವ ಬಾಡಿಗೆ ಮನೆಯಲ್ಲಿ ಎಲ್ಲೆಲ್ಲಿ ಎಕ್ಸ್‌ಟೆನ್ಶನ್ ಬಾಕ್ಸ್ ಹಾಕಿಕೊಂಡಿದ್ದೀರಿ ನೋಡಿ, ಅಲ್ಲೆಲ್ಲ ನಿಮಗೆ ಪಾಯಿಂಟ್ ಬೇಕು. ಮಿಕ್ಸಿ, ವಾಟರ್ ಫಿಲ್ಟರ್, ಯುಪಿಎಸ್, ಗೇಟಿನ ಹತ್ತಿರ ಸ್ಕೂಟರ್ ಚಾರ್ಜಿಂಗ್, ಸಂಪಿನ ಮೋಟರ್, ಮುಂದೆ ಸೋಲಾರ್ ಹಾಕಿದರೆ ತಾರಸಿಯಿಂದ ಇಳಿಯುವ ಖಾಲಿ ಪೈಪ್. ಪ್ಲಾಸ್ಟರಿಂಗ್ ಆದ ಮೇಲೆ ಗೋಡೆ ಕೊರೆಯುವ ಒಂದೊಂದು ಪಾಯಿಂಟಿಗೂ ಬೇರೆ ದುಡ್ಡು.

ಈಗ ಮಣ್ಣು. ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಇರುವುದು ಇಲ್ಲೇ. ಎರಡೂ ಕೊಟೇಶನ್‌ನಲ್ಲಿ "ಫೂಟಿಂಗ್ 5 ಅಡಿ ಆಳ" ಅಂತಿದೆ. ಫೂಟಿಂಗ್ ಅಂದರೆ ಕಂಬ ಕೂರುವ ಪಾಯದ ಬುಡ. ಯಾರಾದರೂ ನೆಲ ಅಗೆದು ನೋಡಿದರಾ? ಇಲ್ಲ ಅಂತ ನೀವೇ ಬರೆದಿದ್ದೀರಿ. ನೀವು ಕಳಿಸಿದ ಫೋಟೋದಲ್ಲಿ ಸೈಟಿನ ಮೂಲೆಯಲ್ಲಿ ನೆಲ ಬಲೆಬಲೆಯಾಗಿ ಬಿರುಕು ಬಿಟ್ಟಿದೆ. ಅದು ಎರೆ ಮಣ್ಣಿನ ಗುರುತು. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಅದರ ಮೇಲೆ ಕೂತ ಮನೆಯೂ ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬರುವುದು ಎಷ್ಟೋ ಸಲ ಇದರಿಂದಲೇ, ಜನ ಮಾತ್ರ ಸಿಮೆಂಟನ್ನು ಬೈಯುತ್ತಾರೆ.

ಒಂದು ಜೆಸಿಬಿ ಒಂದು ಗಂಟೆ ಕರೆಸಿ. ಎರಡು ಮೂಲೆಯಲ್ಲಿ ಗುಂಡಿ ತೋಡಿಸಿ, ಎರೆ ಎಷ್ಟು ಅಡಿಗೆ ಮುಗಿದು ಗರಸು ಸಿಗುತ್ತದೆ ನೋಡಿ. ಮೂರು ನಾಲ್ಕು ಅಡಿಗೆ ಗಟ್ಟಿ ನೆಲ ಸಿಕ್ಕರೆ ಅದೃಷ್ಟ. ಏಳೆಂಟು ಅಡಿ ಆದರೂ ಎರೆಯೇ ಇದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ಬೇರೆ ರೀತಿಯ ಪಾಯ ಕೊಡುತ್ತಾರೆ, ಖರ್ಚು ಬೇರೆಯೇ ಆಗುತ್ತದೆ. ಅದು ಗುದ್ದಲಿ ಪೂಜೆಗೆ ಮುಂಚೆ ಗೊತ್ತಾಗುವುದಕ್ಕೂ ಆಮೇಲೆ ಗೊತ್ತಾಗುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಅಗ್ರಿಮೆಂಟಿನಲ್ಲಿ ಒಂದು ಸಾಲು ಇರಲೇಬೇಕು: 5 ಅಡಿಗಿಂತ ಆಳ ಹೋದರೆ ಅಡಿಗೆ ಎಷ್ಟು ಕೊಡಬೇಕು ಅಂತ.

ಇನ್ನೊಂದು, ಯಾರೂ ಹೇಳುವುದಿಲ್ಲ ಇದನ್ನು. ಪಾಯ ತೆಗೆದಾಗ ಬಂದ ಎರೆ ಮಣ್ಣನ್ನೇ ಪ್ಲಿಂತ್ (ನೆಲಮಟ್ಟದಿಂದ ಮನೆಯ ನೆಲದವರೆಗಿನ ಭಾಗ) ಒಳಗೆ ತುಂಬಿ ಮೇಲೆ ಬೆಡ್ ಕಾಂಕ್ರೀಟ್ ಹಾಕಿಬಿಡುತ್ತಾರೆ. ಹೊಸ ಮಣ್ಣು ತರುವ ಟ್ರಾಕ್ಟರ್ ಬಾಡಿಗೆ ಉಳಿಯುತ್ತದಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಾಲಿನ ಟೈಲ್ಸ್ ಮಧ್ಯದಲ್ಲಿ ಉಬ್ಬುತ್ತದೆ. ಒಳಗೆ ಗರಸು ತುಂಬಿ, ಅರ್ಧರ್ಧ ಅಡಿಗೆ ನೀರು ಹಾಕಿ ದಮ್ಮಸು ಮಾಡಬೇಕು ಅಂತ ಬರೆಸಿಕೊಳ್ಳಿ. ಆ ದಿನ ನೀವು ಸೈಟಿನಲ್ಲಿರಿ.

ಎರಡನೇ ಕೊಟೇಶನ್‌ನ ತೊಂದರೆಗೆ ಬರುತ್ತೇನೆ. ಅದರಲ್ಲಿ ಸಾಮಾನಿನ ಪಟ್ಟಿ ಚೆನ್ನಾಗಿದೆ, ಬ್ರ್ಯಾಂಡ್ ಹೆಸರುಗಳೂ ಇವೆ. ಆದರೆ ಪ್ರತಿ ಸಾಲಿನ ಕೊನೆಗೆ "ಅಥವಾ ಅದಕ್ಕೆ ಸಮನಾದ" ಅಂತ ಬಾಲ ಇದೆ. ಸಮಾನ ಅಂತ ಹೇಳುವವರು ಯಾರು? ಅವರೇ. ಆ ಬಾಲ ಕತ್ತರಿಸಿ, "ಮಾಲೀಕರು ಬರವಣಿಗೆಯಲ್ಲಿ ಒಪ್ಪಿದರೆ ಮಾತ್ರ" ಅಂತ ಹಾಕಿಸಿ. ಟೈಲ್ಸ್, ನಲ್ಲಿ, ಬಾಗಿಲು ಇವುಗಳಿಗೆ ಬ್ರ್ಯಾಂಡ್ ಹೆಸರು ಸಾಲದು, ಬೆಲೆಯೂ ಬೇಕು. ಚದರಡಿಗೆ 60 ರೂಪಾಯಿ ಟೈಲ್ಸ್ ಅಂದರೆ ಅಂಗಡಿ ಬಿಲ್ಲಿನ 60 ರೂಪಾಯಾ, ಅಥವಾ ತೆರಿಗೆ, ಸಾಗಾಟ ಸೇರಿ 60 ರೂಪಾಯಾ? ನೀವು 75ರದ್ದು ಆರಿಸಿದರೆ 15 ರೂಪಾಯಿ ಮಾತ್ರ ಕೊಡಬೇಕು. ಹೀಗೆ ಸ್ಪಷ್ಟವಾಗಿ ಬರೆಯದಿದ್ದರೆ "ದೊಡ್ಡ ಸೈಜ್ ಟೈಲ್ಸ್, ಹಾಕೋ ಕೂಲಿನೂ ಜಾಸ್ತಿ" ಅನ್ನುವ ಮಾತು ಆಮೇಲೆ ಬರುತ್ತದೆ.

ಕಾಂಕ್ರೀಟ್ ಬಗ್ಗೆ ಅವರು ಬರೆದಿರುವುದು "ಉತ್ತಮ ಗುಣಮಟ್ಟದ್ದು" ಅಂತ ಅಷ್ಟೇ. ಇದಕ್ಕೆ ಅರ್ಥವಿಲ್ಲ. ಐಎಸ್ 456 ಅನ್ನುವ ಸಂಹಿತೆ ಪ್ರಕಾರ ಆರ್‌ಸಿಸಿಗೆ, ಅಂದರೆ ಕಂಬಿ ಹಾಕಿದ ಕಾಂಕ್ರೀಟಿಗೆ, ಎಂ20 ಅನ್ನುವ ಗಟ್ಟಿತನದ ದರ್ಜೆಗಿಂತ ಕಡಿಮೆ ಇರಬಾರದು. ಅದನ್ನು ಬರೆಸಿ, ಎಂಜಿನಿಯರ್ ಎಂ25 ಅಂದರೆ ಅದನ್ನು. ಕಂಬಿ ಎಫ್‌ಇ 500ಡಿ ದರ್ಜೆಯದ್ದು ಅಂತ, ಎಷ್ಟು ಕಂಬಿ ಅನ್ನುವುದು ಸ್ಟ್ರಕ್ಚರಲ್ ಡ್ರಾಯಿಂಗ್ ಪ್ರಕಾರ ಅಂತ ಬರೆಸಿ. ಡ್ರಾಯಿಂಗ್ ಮಾಡುವ ಎಂಜಿನಿಯರ್ ನಿಮ್ಮಿಂದ ದುಡ್ಡು ತೆಗೆದುಕೊಳ್ಳುವವರಾಗಿರಲಿ, ಕಾಂಟ್ರಾಕ್ಟರ್ ಕಡೆಯವರಲ್ಲ. ಪಾಯ, ಕೆಳಗಿನ ಸ್ಲ್ಯಾಬ್, ಮೇಲಿನ ಸ್ಲ್ಯಾಬ್, ಟಾಯ್ಲೆಟ್ ವಾಟರ್‌ಪ್ರೂಫಿಂಗ್, ಹೀಗೆ ಆರೇಳು ಸಲ ಸೈಟಿಗೆ ಬಂದು ನೋಡಲಿ ಅಂತ ಮಾತಾಡಿಕೊಳ್ಳಿ. ಇದಕ್ಕೆ ಕೊಡುವ ದುಡ್ಡನ್ನು ಉಳಿಸಲು ಹೋಗಬೇಡಿ.

ದುಡ್ಡು ಕೊಡುವ ಕ್ರಮದ ಬಗ್ಗೆ ನಮ್ಮ ಮನೆಯದ್ದೇ ಒಂದು ಕಥೆ ಇದೆ. ನನ್ನ ತಂಗಿ ಹರಿಹರದಲ್ಲಿ ಮನೆ ಕಟ್ಟಿಸಿದಳು. ಅಣ್ಣ ಎಂಜಿನಿಯರ್, ಆದರೆ ನಾನಾಗ ಬೇರೆ ಊರಲ್ಲಿದ್ದೆ, ಫೋನಿನಲ್ಲೇ ಸಲಹೆ. ಕಾಂಟ್ರಾಕ್ಟರ್ ಒಳ್ಳೆಯ ಮಾತಿನ ಮನುಷ್ಯ. "ಅಕ್ಕಾ, ಸ್ಟೀಲ್ ರೇಟ್ ಏರ್ತಾ ಇದೆ, ಈಗಲೇ ತಂದುಬಿಟ್ಟರೆ ನಿಮಗೇ ಉಳಿತಾಯ" ಅಂದ. ಸೆಂಟ್ರಿಂಗ್ (ಕಾಂಕ್ರೀಟ್ ಹೊರುವ ಶೀಟು, ಆಸರೆ) ನಿಲ್ಲುವ ಮೊದಲೇ ಸ್ಲ್ಯಾಬಿನ ದುಡ್ಡು ಕೊಟ್ಟಳು. ಆಮೇಲೆ ಎರಡು ತಿಂಗಳು ಸೈಟಿಗೆ ಒಬ್ಬ ಆಳೂ ಬರಲಿಲ್ಲ. ನಾನು ಹೋಗಿ ಅಳೆದು ನೋಡಿದರೆ, 100ರಲ್ಲಿ 60 ರೂಪಾಯಿ ಕೊಟ್ಟಾಗಿದೆ, ಕೆಲಸ ಆಗಿರುವುದು 35ರಷ್ಟು. ಆ ದುಡ್ಡು ಇನ್ನೊಂದು ಸೈಟಿನ ಸ್ಲ್ಯಾಬಿಗೆ ಹೋಗಿತ್ತು. ಅವನಿಗೆ ಮೋಸ ಮಾಡುವ ಉದ್ದೇಶ ಇತ್ತು ಅಂತ ನನಗೆ ಈಗಲೂ ಅನ್ನಿಸುವುದಿಲ್ಲ. ಮೂರು ಸೈಟು ಒಟ್ಟಿಗೆ ಹಿಡಿದು, ಒಂದರ ದುಡ್ಡಿನಲ್ಲಿ ಇನ್ನೊಂದನ್ನು ನಡೆಸುತ್ತಿದ್ದ. ಆದರೆ ತಂಗಿಗೆ ಅವನನ್ನು ಬಿಡಿಸುವ ಹಾಗೂ ಇರಲಿಲ್ಲ, ಇಟ್ಟುಕೊಳ್ಳುವ ಹಾಗೂ ಇರಲಿಲ್ಲ. ಕೊಟ್ಟ ದುಡ್ಡು ಅವನ ಕೈಲಿತ್ತಲ್ಲ.

ಅದಾದ ಮೇಲೆ ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಕೆಲಸ ಯಾವಾಗಲೂ ದುಡ್ಡಿಗಿಂತ ಒಂದು ಹೆಜ್ಜೆ ಮುಂದಿರಲಿ. ನಿಮ್ಮ ಮನೆಗೆ ನಾನಾದರೆ ಹೀಗೆ ಹಂಚುತ್ತೇನೆ. ಅಗ್ರಿಮೆಂಟ್ ದಿನ 5%. ಪಾಯ ಮುಗಿದು ಪ್ಲಿಂತ್ ಬೀಮ್ ಆದ ಮೇಲೆ 15. ಕೆಳಗಿನ ಸ್ಲ್ಯಾಬ್ ಹಾಕಿದ ಮೇಲೆ 20, ಮೇಲಿನದು ಹಾಕಿದ ಮೇಲೆ 15. ಗೋಡೆ ಕೆಲಸ, ಪ್ಯಾರಾಪೆಟ್ ಪೂರ್ತಿಯಾದರೆ 10. ವೈರಿಂಗ್ ಪೈಪು, ಪ್ಲಂಬಿಂಗ್ ಪೈಪು ಹಾಕಿ ಒಳಗೆ ಹೊರಗೆ ಪ್ಲಾಸ್ಟರಿಂಗ್ ಆದ ಮೇಲೆ 15. ಟೈಲ್ಸ್, ಬಾಗಿಲು, ಕಿಟಕಿಗೆ 10. ಬಣ್ಣ, ಫಿಟ್ಟಿಂಗ್ ಮುಗಿದು ಕೀಲಿಕೈ ಕೊಟ್ಟಾಗ 5. ಉಳಿದ 5% ಒಂದು ಮಳೆಗಾಲ ಕಳೆದ ಮೇಲೆ. ಈ ಕೊನೆಯ ಮಾತಿಗೆ ಅವರು ಒಪ್ಪುವುದು ಕಷ್ಟ. ಜಗ್ಗಾಡಿ 3%ಗಾದರೂ ಒಪ್ಪಿಸಿ. ತಾರಸಿ ಸೋರಿದರೆ ಫೋನ್ ಎತ್ತುವುದಕ್ಕೆ ಅವರಿಗೂ ಒಂದು ಕಾರಣ ಬೇಕಲ್ವಾ?

ಬ್ಯಾಂಕಿನವರೂ ಹಂತ ಹಂತವಾಗಿಯೇ ದುಡ್ಡು ಬಿಡುತ್ತಾರೆ, ಅದೂ ಅವರ ಎಂಜಿನಿಯರ್ ನೋಡಿ ವರದಿ ಕೊಟ್ಟ ಮೇಲೆ. ಮೊದಲು ನಿಮ್ಮ ಪಾಲಿನ ದುಡ್ಡು ಹಾಕಿ ಅನ್ನುತ್ತಾರೆ. ನಿಮ್ಮ 13 ಲಕ್ಷ ಕೆಳಗಿನ ಸ್ಲ್ಯಾಬ್ ಹೊತ್ತಿಗೇ ಕರಗಿರುತ್ತದೆ. ಬ್ಯಾಂಕಿನ ಹಂತಗಳ ಪಟ್ಟಿ ಮೊದಲೇ ತೆಗೆದುಕೊಂಡು, ಕಾಂಟ್ರಾಕ್ಟರ್ ಹಂತಗಳನ್ನು ಅದಕ್ಕೆ ಹೊಂದಿಸಿ. ಇಲ್ಲದಿದ್ದರೆ ಮಧ್ಯೆ ಹದಿನೈದು ದಿನ ಕೈಸಾಲ ಮಾಡಬೇಕಾಗುತ್ತದೆ. ನಿಮ್ಮ ಯಜಮಾನರು ಬ್ಯಾಂಕಿನವರೇ ಆದ್ದರಿಂದ ಇದನ್ನು ಜಾಸ್ತಿ ಬಿಡಿಸಿ ಹೇಳುವುದಿಲ್ಲ.

ಭಾವನವರ ಮಾತಿಗೂ ಉತ್ತರ ಕೊಡಬೇಕು. ಲೇಬರ್ ಕಾಂಟ್ರಾಕ್ಟಿನಲ್ಲಿ ಉಳಿತಾಯ ಇರುವುದು ನಿಜ. ಒಂಟಿ ಮನೆಯ ಬರೀ ಕೂಲಿ ಗುತ್ತಿಗೆಗೆ ಜಿಎಸ್‌ಟಿ ವಿನಾಯಿತಿ ಇದೆ, ಮೆಟೀರಿಯಲ್ ಸಮೇತ ಕೊಟ್ಟರೆ ಪೂರ್ತಿ ಮೊತ್ತದ ಮೇಲೆ 18%. ಕಾಂಟ್ರಾಕ್ಟರ್ ಲಾಭವೂ ಸಾಮಾನಿನ ಮೇಲೆ ಬೀಳುವುದಿಲ್ಲ. ಆದರೆ ಅದಕ್ಕೆ ಮನೆಯಲ್ಲಿ ಒಬ್ಬರು ದಿನಾ ಬೆಳಿಗ್ಗೆ ಎಂಟಕ್ಕೆ ಸೈಟಿನಲ್ಲಿ ಇರಬೇಕು. ಜೆಲ್ಲಿ ಲಾರಿ ಬಂದಾಗ ಅಳೆಯಬೇಕು, ಸಿಮೆಂಟ್ ಮುಗಿಯುವ ಎರಡು ದಿನ ಮೊದಲೇ ಹೇಳಬೇಕು, ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಬರದಿದ್ದರೆ ಆಳುಗಳ ಒಂದು ದಿನದ ಕೂಲಿ ತಲೆ ಮೇಲೆ ಬೀಳುತ್ತದೆ. ಭಾವನವರು ರಿಟೈರ್ ಆಗಿದ್ದು, ಅವರೇ ನಿಲ್ಲುತ್ತಾರೆ ಅಂದರೆ ಕಣ್ಣುಮುಚ್ಚಿ ಲೇಬರ್ ಕಾಂಟ್ರಾಕ್ಟ್ ಕೊಡಿ. ಸಲಹೆ ಮಾತ್ರ ಅವರದ್ದು, ಓಡಾಟ ನಿಮ್ಮದು ಅಂತಾದರೆ ಬೇಡ. ಇಬ್ಬರೂ ಕೆಲಸಕ್ಕೆ ಹೋಗುವವರು ನೀವು.

ತೆರಿಗೆ ವಿಷಯದಲ್ಲಿ ಎರಡು ಮಾತು. ಮೊದಲನೆಯವರಿಗೆ ಜಿಎಸ್‌ಟಿ ನಂಬರ್ ಇದೆಯಾ ಕೇಳಿ. ನೋಂದಣಿ ಇಲ್ಲದವರು ನಿಮ್ಮಿಂದ ಜಿಎಸ್‌ಟಿ ವಸೂಲಿ ಮಾಡುವ ಹಾಗಿಲ್ಲ. ಇನ್ನು ಸಿಮೆಂಟ್ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ 28ರಿಂದ 18%ಗೆ ಇಳಿದಿದೆ. ಹಳೇ ರೇಟಿನಲ್ಲೇ ಲೆಕ್ಕ ಹಾಕಿದ್ದರೆ ಕೇಳುವ ಹಕ್ಕು ನಿಮಗಿದೆ. "ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ಕೊಡ್ತೀನಿ" ಅನ್ನುವ ಮಾತು ಬಂದೇ ಬರುತ್ತದೆ. ಕ್ಯಾಶಿನಲ್ಲಿ ಕೊಟ್ಟ ದುಡ್ಡಿಗೆ ನಾಳೆ ಸಾಕ್ಷಿ ಇರುವುದಿಲ್ಲ. ಜಗಳ ಆದರೆ ರೇರಾಕ್ಕೆ (ರಿಯಲ್ ಎಸ್ಟೇಟ್ ಪ್ರಾಧಿಕಾರ) ಹೋಗುತ್ತೇವೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ರೇರಾ ಇರುವುದು ಬಿಲ್ಡರ್‌ಗಳು ಮಾರುವ ಮನೆ, ಸೈಟುಗಳಿಗೆ. ನಿಮ್ಮ ಸೈಟಿನಲ್ಲಿ ನೀವು ಕಟ್ಟಿಸುವ ಮನೆಗೆ ಗ್ರಾಹಕರ ಆಯೋಗವೇ ದಾರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ಕಟ್ಟುವುದೂ ಸೇವೆಯ ಪಟ್ಟಿಯಲ್ಲಿದೆ, 50 ಲಕ್ಷದವರೆಗಿನ ವ್ಯವಹಾರ ಜಿಲ್ಲಾ ಆಯೋಗಕ್ಕೇ ಬರುತ್ತದೆ. ಅಲ್ಲಿ ಅಗ್ರಿಮೆಂಟ್, ಬ್ಯಾಂಕ್ ಮೂಲಕ ಕೊಟ್ಟ ದುಡ್ಡು ಮಾತಾಡುತ್ತದೆ, ಬಾಯಿ ಮಾತಲ್ಲ.

ಕೆಲಸ ಶುರುವಾದ ಮೇಲೆ ಎಲ್ಲವನ್ನೂ ನೀವು ಕಾಯಲು ಆಗುವುದಿಲ್ಲ. ಕಾಯಬೇಕಾದ ದಿನ ರಜೆ ಹಾಕಿ. ಮೋಲ್ಡ್, ಅಂದರೆ ಸ್ಲ್ಯಾಬಿನ ಕಾಂಕ್ರೀಟ್, ಹಾಕುವ ದಿನ ಎಲ್ಲರೂ ಸಿಹಿ ಊಟದ ಏರ್ಪಾಡಿನಲ್ಲಿ ಮುಳುಗಿರುತ್ತಾರೆ. ಊಟ ಹಾಕಿಸಿ, ತಪ್ಪೇನಿಲ್ಲ, ಆಳುಗಳು ಅವತ್ತು ಬಿಸಿಲಲ್ಲಿ ಬೆಂದಿರುತ್ತಾರೆ. ಆದರೆ ನಿಜವಾಗಿ ನೋಡಬೇಕಾದ್ದು ಅದರ ಹಿಂದಿನ ದಿನ ಸಂಜೆ. ಎಂಜಿನಿಯರ್ ಜೊತೆ ಸೆಂಟ್ರಿಂಗ್ ಮೇಲೆ ಹತ್ತಿ. ಕಂಬಿ ಶೀಟಿಗೆ ಅಂಟಿ ಕೂತಿದೆಯಾ, ಕೆಳಗೆ ಅದನ್ನು ಎತ್ತಿ ಹಿಡಿಯುವ 20 ಎಂಎಂ ಕವರ್ ಬ್ಲಾಕ್ ಇದೆಯಾ ನೋಡಿ. ಜೆಲ್ಲಿ ಚೂರು ಇಟ್ಟಿದ್ದರೆ ತೆಗೆಸಿ, ಕವರ್ ಬ್ಲಾಕ್ ಇಡಿಸಿ. ಕಂಬಿಗೂ ಕೆಳಮೈಗೂ ನಡುವೆ ಕಾಂಕ್ರೀಟ್ ಸಾಲದೆ ಹೋದ ಸ್ಲ್ಯಾಬುಗಳೇ ಹತ್ತು ಹದಿನೈದು ವರ್ಷಕ್ಕೆ ಸಿಪ್ಪೆ ಸಿಪ್ಪೆಯಾಗಿ ಉದುರುವುದು. ಕಂಬಿಯ ತೂಕವನ್ನೂ ಒಮ್ಮೆ ನೋಡಬಹುದು. 12 ಎಂಎಂ ಕಂಬಿ, 12 ಮೀಟರ್ ಉದ್ದದ್ದು, ಒಂದಕ್ಕೆ ಸುಮಾರು 10.6 ಕೆಜಿ ಬರಬೇಕು.

ಕಾಂಕ್ರೀಟ್ ಕಲಸುವಾಗ ನೀರಿನ ಮೇಲೆ ಕಣ್ಣಿಡಿ. 50 ಕೆಜಿಯ ಒಂದು ಚೀಲಕ್ಕೆ 25ರಿಂದ 30 ಲೀಟರ್ ನೀರು, ಅದಕ್ಕಿಂತ ಜಾಸ್ತಿ ಬೇಡ. ಹರಡಲು ಸುಲಭ ಅಂತ ಮಿಕ್ಸರಿಗೆ ಪೈಪ್ ಹಿಡಿದು ನೀರು ಬಿಡುತ್ತಾರೆ. ನೀರು ಹೆಚ್ಚಾದಷ್ಟೂ ಕಾಂಕ್ರೀಟ್ ಸೊರಗುತ್ತದೆ. ಆಮೇಲೆ ನೀರು ಕಟ್ಟಿ ನಿಲ್ಲಿಸುವಾಗ ಮಾತ್ರ ಅದೇ ಆಳುಗಳಿಗೆ ನೀರು ನೆನಪಾಗುವುದಿಲ್ಲ! ಈಗ ಬಹುಪಾಲು ಬರುವುದು ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟ್. ಅದಕ್ಕೆ ಕನಿಷ್ಠ 10 ದಿನ, ನಿಮ್ಮೂರ ಬಿಸಿಲಿಗೆ 14 ದಿನ ಒದ್ದೆ ಇರಬೇಕು. ಹೀಗೆ ನೀರುಣಿಸುವ ಕ್ಯೂರಿಂಗ್ ಯಾರ ಜವಾಬ್ದಾರಿ, ನೀರಿನ ಟ್ಯಾಂಕರ್ ದುಡ್ಡು ಯಾರದ್ದು ಅಂತ ಎರಡೂ ಕೊಟೇಶನ್‌ನಲ್ಲಿ ಇಲ್ಲ. ಬರೆಸಿ. ಸ್ಲ್ಯಾಬಿಗೆ ಆಸರೆ ಕೊಟ್ಟ ಜಾಕಿ ಬಿಚ್ಚಲು ಅವಸರ ಮಾಡಿದರೂ ಬಿಡಬೇಡಿ. ಸೆಂಟ್ರಿಂಗ್‌ನವನಿಗೆ ಇನ್ನೊಂದು ಸೈಟಿಗೆ ಶೀಟ್ ಬೇಕಾಗಿರುತ್ತದೆ, ನಿಮ್ಮ ಸ್ಲ್ಯಾಬಿನ ಯೋಗಕ್ಷೇಮ ಅವನಿಗೆ ಎರಡನೆಯದು. ಬೀಮಿನ ಕೆಳಗಿನವು 14 ದಿನ ಇರಲೇಬೇಕು.

ಮಧ್ಯದಲ್ಲಿ ಏನಾದರೂ ಬದಲಾಯಿಸಬೇಕು ಅನ್ನಿಸಿದರೆ, ಅನ್ನಿಸಿಯೇ ಅನ್ನಿಸುತ್ತದೆ, ಮೊದಲು ವಾಟ್ಸ್ಯಾಪಿನಲ್ಲಿ ಬರೆಯಿರಿ, ಅವರು ಬೆಲೆ ಮತ್ತು ಎಷ್ಟು ದಿನ ಅಂತ ಉತ್ತರ ಬರೆಯಲಿ, ನೀವು "ಸರಿ" ಅಂದ ಮೇಲೆ ಕೆಲಸ. "ಮಾಡಿ, ಆಮೇಲೆ ನೋಡೋಣ" ಅನ್ನುವ ಮಾತು ಮಾತ್ರ ನಿಮ್ಮ ಬಾಯಿಂದ ಬರಬಾರದು.

ಕೊನೆಗೆ ನಿಮ್ಮ ಬಜೆಟ್. 38 ಲಕ್ಷ ಪೂರಾ ಕಾಂಟ್ರಾಕ್ಟರ್‌ಗೆ ಅಂತ ಲೆಕ್ಕ ಹಾಕಿದ್ದೀರಿ. ಪ್ಲಾನ್ ಮಂಜೂರಾತಿ ಶುಲ್ಕ, ಬೆಸ್ಕಾಂನ ತಾತ್ಕಾಲಿಕ ಮತ್ತು ಕಾಯಂ ಸಂಪರ್ಕ, ನೀರು, ಯುಜಿಡಿ (ಒಳಚರಂಡಿ), ಎಂಜಿನಿಯರ್ ಫೀಸು, ಕಬೋರ್ಡು, ಅಡುಗೆಮನೆ ಶಟರುಗಳು, ಫ್ಯಾನು, ಪರದೆ, ಗೃಹಪ್ರವೇಶದ ಊಟ, ಇವು ಯಾವುವೂ ಅದರಲ್ಲಿ ಇಲ್ಲ. ಜೊತೆಗೆ ಮನೆ ಮುಗಿಯುವವರೆಗೂ ಬಾಡಿಗೆಯೂ ಹೋಗುತ್ತಿರುತ್ತದೆ. ಎರೆ ಮಣ್ಣಿಗೆ ಅಂತಲೇ 3 ಲಕ್ಷ ಮುಟ್ಟದೆ ಇಡಬೇಕು. ಹೀಗಾಗಿ ಕಾಂಟ್ರಾಕ್ಟ್ 30 ಲಕ್ಷದೊಳಗೆ ನಿಲ್ಲಬೇಕು.

ಅದಕ್ಕೆ ಅಗ್ಗದ ರೇಟ್ ಹುಡುಕುವ ಬದಲು ಚದರ ಕಡಿಮೆ ಮಾಡಿ. ಮೇಲಿನ ಮಹಡಿಯ ಮೂರನೇ ಕೋಣೆಗೆ ಪ್ಲಾನಿನಲ್ಲಿ "ಗೆಸ್ಟ್" ಅಂತಿದೆ. ಅದನ್ನು ತೆಗೆದು ತೆರೆದ ತಾರಸಿ ಮಾಡಿಕೊಂಡರೆ 14 ಚದರ ಆಗುತ್ತದೆ. 2.10 ಲಕ್ಷದ ರೇಟಿನಲ್ಲಿ 29.4 ಲಕ್ಷ. ಮುಂದೆ ಕಟ್ಟಬೇಕು ಅನ್ನಿಸಿದರೆ ಕಟ್ಟಬಹುದು, ಪಾಯ ಮತ್ತು ಕಾಲಂ ಅದರ ಭಾರಕ್ಕೂ ಸೇರಿಸಿ ಡಿಸೈನ್ ಮಾಡಿಸಿರಿ. ಕಾಲಂ ಕಂಬಿಗಳನ್ನು ಮಾತ್ರ ಆಕಾಶಕ್ಕೆ ಹಾಗೇ ಬಿಡಬೇಡಿ, ತೆಳು ಕಾಂಕ್ರೀಟ್ ಹಾಕಿ ಮುಚ್ಚಿಸಿ. ನಮ್ಮೂರುಗಳಲ್ಲಿ ಅರ್ಧ ಮನೆಗಳ ತಲೆ ಮೇಲೆ ತುಕ್ಕು ಹಿಡಿದ ಕಂಬಿ ನಿಂತಿರುತ್ತದೆ, ಮಹಡಿ ಮಾತ್ರ ಎಂದೂ ಏರಿರುವುದಿಲ್ಲ.

ಹೊಸ ಪ್ಲಾನ್, ಪಾಯಿಂಟುಗಳ ಪಟ್ಟಿ, ಸಾಮಾನಿನ ಪಟ್ಟಿ ಸಿದ್ಧವಾದ ಮೇಲೆ ಅದೇ ಕಾಗದವನ್ನು ಇಬ್ಬರಿಗೂ ಕೊಡಿ. ಪೂರ್ತಿ ಮೊತ್ತ ಕೇಳಿ, ಚದರದ ರೇಟ್ ಬೇಡ. ಜೊತೆಗೆ ಇಬ್ಬರೂ ಮೂರು ವರ್ಷದ ಹಿಂದೆ ಮುಗಿಸಿದ ಒಂದೊಂದು ಮನೆಯ ವಿಳಾಸ ಕೇಳಿ, ಹೊಸದಾಗಿ ಬಣ್ಣ ಹೊಡೆದದ್ದು ಬೇಡ. ಕಾಂಟ್ರಾಕ್ಟರ್ ಇಲ್ಲದಾಗ ಹೋಗಿ. ಮನೆಯವರು ಕಾಫಿ ಕೊಡುವ ಹೊತ್ತಿಗೆ ಎಲ್ಲ ಹೇಳಿರುತ್ತಾರೆ. ಬಾತ್‌ರೂಮಿನ ಹೊರಗೋಡೆಯ ಬುಡದಲ್ಲಿ ತೇವ ಇದೆಯಾ ಅದನ್ನೂ ನೋಡಿಕೊಂಡು ಬನ್ನಿ.

ವೈಶಾಖದ ಮುಹೂರ್ತ ನೋಡಿಸಿ, ಆದರೆ ಪತ್ರಿಕೆ ಪ್ರಿಂಟ್ ಹಾಕಿಸಬೇಡಿ. ಇಷ್ಟು ಚದರದ ಮನೆಗೆ ಎಂಟರಿಂದ ಹತ್ತು ತಿಂಗಳು ಹಿಡಿಯುತ್ತದೆ, ಕಾರ್ತಿಕದಲ್ಲಿ ಶುರುವಾದರೆ ವೈಶಾಖ ದಾಟುತ್ತದೆ. ಬಾತ್‌ರೂಮಿನ ನೆಲದಲ್ಲಿ ಮೂರು ದಿನ ನೀರು ನಿಲ್ಲಿಸಿ, ಕೆಳಗಿನ ಸ್ಲ್ಯಾಬ್ ಒಣಗಿಯೇ ಇದೆ ಅಂತ ಕಂಡ ಮೇಲೆ ಪ್ರೆಸ್ಸಿಗೆ ಹೋಗಿ. ಸದ್ಯಕ್ಕೆ ಜೆಸಿಬಿಯವನಿಗೆ ಫೋನ್ ಮಾಡಿ. ಗುಂಡಿಯ ಫೋಟೋ ಕಳಿಸುವಾಗ ಪಕ್ಕದಲ್ಲಿ ಟೇಪು ಹಿಡಿದಿರಿ, ಆಳ ಕಾಣಬೇಕು.